ಎರೆ ಮಣ್ಣು ದಾಟಿ ಕುಂಚಾವರಂ ಗುಡ್ಡಕ್ಕೆ, ಒಬ್ಬನೇ

ನಮ್ಮ ಕಲಬುರಗಿ ಕಡೆ ಗುಡ್ಡ ಎಲ್ಲಿದೆ ಎಂದು ಕೇಳುವವರೇ ಜಾಸ್ತಿ. ಚಿಂಚೋಳಿ ದಾಟಿ ತೆಲಂಗಾಣದ ಗಡಿ ಕಡೆ ಹೋದರೆ ಕುಂಚಾವರಂ ಗುಡ್ಡಗಳು ಸಿಗುತ್ತವೆ. ಸೆಪ್ಟೆಂಬರ್ ಕೊನೆಗೆ ಅಲ್ಲಿ ಎತ್ತ ನೋಡಿದರೂ ಹಸಿರು. ಹೋದ ವರ್ಷ ಅದೇ ಹೊತ್ತಿಗೆ ನನ್ನ ಹಳೆ ಫೋರ್ ವೀಲ್ ಜೀಪಿನಲ್ಲಿ ಒಬ್ಬನೇ ಹೋಗಿ ಬಂದೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಈ ಕಾಡು 2011ರಿಂದ ವನ್ಯಜೀವಿಧಾಮ. ಅದರೊಳಗೆ ದಾರಿ ಬಿಟ್ಟು ಗಾಡಿ ನುಗ್ಗಿಸಬಾರದು. ನಾನು ಓಡಿಸಿದ್ದು ಕಾಡಿನ ಹೊರಗೆ, ಹೊಲಗಳಿಗೂ ತಾಂಡಾಗಳಿಗೂ ಹೋಗುವ ಬಂಡಿ ದಾರಿಯಲ್ಲಿ. ಒಬ್ಬನಿಗೆ ಅದೇ ಬೇಕಾದಷ್ಟಾಯಿತು.

ಜೀಪಿನಲ್ಲಿ ಸಲಿಕೆ, ನಾಲ್ಕು ಗೋಣಿ ಚೀಲ, ಗಾಳಿ ಪಂಪು, ಹತ್ತು ಲೀಟರ್ ನೀರು ಇದ್ದವು. ಜೊತೆಗೆ ಒಂದು ದಪ್ಪ ಹಲಗೆ. ಮೆತ್ತನೆ ನೆಲದಲ್ಲಿ ಜ್ಯಾಕ್ ಕೆಳಗೆ ಹಲಗೆ ಇಡದಿದ್ದರೆ ಗಾಡಿ ಏಳುವುದಿಲ್ಲ, ಜ್ಯಾಕೇ ಹೂತುಹೋಗುತ್ತದೆ. ಬುತ್ತಿಗೆ ಕಟಿ ರೊಟ್ಟಿ, ಶೇಂಗಾ ಹಿಂಡಿ. ಸಂಜೆ ಆರಕ್ಕೆ ನನ್ನ ಫೋನ್ ಬರದಿದ್ದರೆ ಹುಡುಕಿಕೊಂಡು ಬಾ ಎಂದು ತಮ್ಮನಿಗೆ ದಾರಿಯ ಗುರುತು ಹೇಳಿಟ್ಟಿದ್ದೆ.

ನನಗೆ ಭಯ ಇದ್ದದ್ದು ಗುಡ್ಡದ ಕಲ್ಲಿನದು. ಆದರೆ ಗಾಡಿ ಸಿಕ್ಕಿಬಿದ್ದದ್ದು ಗುಡ್ಡ ಬರುವ ಮೊದಲೇ, ಎರಡು ತೊಗರಿ ಹೊಲಗಳ ನಡುವೆ. ಹಿಂದಿನ ದಿನ ಮಳೆ ಆಗಿತ್ತು. ಮೇಲೆ ನೋಡಿದರೆ ದಾರಿ ಒಣಗಿದಂತೆ ಕಂಡಿತು, ಇಳಿದು ನೋಡದೆ ಹೊಡೆದೆ. ಎರೆ ಮಣ್ಣು ನೀರು ಕುಡಿದು ಉಬ್ಬಿದಾಗ ಅಂಟಿನ ಹಾಗೆ. ಟೈರಿನ ಗೆರೆಗಳೆಲ್ಲ ಮಣ್ಣಿನಿಂದ ತುಂಬಿ ನುಣ್ಣಗಾದವು. ಚಕ್ರ ತಿರುಗುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ಸುಮ್ನೆ ಎರಡು ಸಲ ರೇಸ್ ಕೊಟ್ಟೆ. ಹಿಂದಿನ ಚಕ್ರ ಇನ್ನೂ ಒಂದು ಗೇಣು ಇಳಿಯಿತು.

ಹೊಲದಲ್ಲಿದ್ದ ಹಿರಿಯರೊಬ್ಬರು ಕೂಗಿದರು. "ಏ ತಮ್ಮಾ, ರೇಸ್ ಮಾಡಬ್ಯಾಡ, ಮತ್ತಷ್ಟು ಒಳಗ ಹೊಕ್ಕೋತದ! ಮಳಿ ನಿಂತು ನಾಕು ದಿನ ಆಗೋತನಕ ನಾವು ಇಲ್ಲಿ ಬಂಡಿನೂ ಹೊಡಿಯಂಗಿಲ್ಲ."

"ತಪ್ಪಾತು ಕಾಕಾ," ಎಂದು ಇಳಿದೆ.

ಟೈರಿನ ಗಾಳಿ 30 ಪಿಎಸ್‌ಐನಿಂದ (ಗಾಳಿಯ ಒತ್ತಡದ ಅಳತೆ) 18ಕ್ಕೆ ಇಳಿಸಿದೆ. ಟೈರು ಅಗಲವಾಗಿ ನೆಲ ಹಿಡಿಯಲಿ ಅಂತ. ಚಕ್ರದ ಮುಂದಿನ ಮಣ್ಣು ಇಳಿಜಾರಾಗಿ ತೆಗೆದೆ. ಕಾಕಾ ಹೋದ ವರ್ಷದ ಒಣ ತೊಗರಿ ಕಟ್ಟಿಗೆ ಎರಡು ಹೊರೆ ತಂದು ಹಾಸಿದರು, ಅದರ ಮೇಲೆ ಗೋಣಿ ಚೀಲ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಹೆಚ್ಚು ಬಲ ಕೊಡುವ ಗೇರು), ಅದರಲ್ಲಿ ಎರಡನೇ ಗೇರು, ಆಕ್ಸಿಲರೇಟರ್ ಮೇಲೆ ಕಾಲು ಹಗುರ. ಮೂರನೇ ಸಲಕ್ಕೆ ಜೀಪು ಮೇಲೆ ಬಂತು. ಒಂದೂವರೆ ತಾಸು ಹಿಡಿಯಿತು. ಕಾಕಾ ದುಡ್ಡು ಮುಟ್ಟಲಿಲ್ಲ. ಇಬ್ಬರೂ ಅಲ್ಲೇ ಬದುವಿನ ಮೇಲೆ ಕೂತು ರೊಟ್ಟಿ ಉಂಡೆವು.

ಮುಂದೆ ನೆಲ ಕೆಂಪಾಯಿತು. ಇದು ಮುರಕಲ್ಲಿನ ನೆಲ, ಬೀದರ ಕೋಟೆ ಕಟ್ಟಿದ್ದೂ ಇದೇ ಜಾತಿ ಕಲ್ಲಿನಿಂದ. ನೀರು ಬಸಿದು ಹೋಗುವುದರಿಂದ ಟೈರಿಗೆ ಒಳ್ಳೆ ಹಿಡಿತ ಸಿಗುತ್ತದೆ. ಚೂಪು ಕಲ್ಲು ಟೈರಿನ ಪಕ್ಕೆ ಸೀಳಬಾರದೆಂದು ಗಾಳಿ ಮತ್ತೆ 24ಕ್ಕೆ ಏರಿಸಿದೆ. ಏರಿನ ನಡುವೆ ಮಳೆ ನೀರು ಕೊರೆದ ಆಳದ ಕೊರಕಲು ಇತ್ತು. ಈ ಸಲ ಮೇಲಿನ ತನಕ ನಡೆದು, ಚಕ್ರ ಎಲ್ಲೆಲ್ಲಿ ಇಡಬೇಕೆಂದು ಕಲ್ಲಿಟ್ಟು ಗುರುತು ಮಾಡಿದೆ. ಚಕ್ರಗಳು ದಿಬ್ಬದ ಮೇಲೆ, ಕೊರಕಲು ಗಾಡಿಯ ಹೊಟ್ಟೆಯ ಕೆಳಗೆ. ನಡುವೆ ಎಂಜಿನ್ ಬಂದ್ ಆದರೆ ಅಲ್ಲೇ ತಿರುಗಿಸಲು ಹೋಗಬಾರದು, ಗಾಡಿ ಅಡ್ಡ ಬಿದ್ದು ಉರುಳುತ್ತದೆ. ರಿವರ್ಸ್ ಗೇರಿನಲ್ಲಿ ನೇರವಾಗಿ ಹಿಂದಕ್ಕೆ ಇಳಿಯಬೇಕು. ನನಗೆ ಒಮ್ಮೆ ಹಾಗೇ ಇಳಿಯಬೇಕಾಯಿತು, ಎರಡನೇ ಸಲ ಹತ್ತಿತು.

ಅಲ್ಲಿಂದ ಚಂದ್ರಂಪಳ್ಳಿ ಜಲಾಶಯಕ್ಕೆ ಡಾಂಬರು ದಾರಿ ಹಿಡಿದೆ. ಸುತ್ತ ಕಾಡು ತುಂಬಿದ ಗುಡ್ಡ, ನಡುವೆ ನೀರು. ಎಂಜಿನ್ ಬಂದ್ ಮಾಡಿ ಅರ್ಧ ತಾಸು ಕೂತೆ. ಒಬ್ಬನೇ ಬಂದದ್ದಕ್ಕೆ ತುಂಬಾ ಖುಷಿಯಾಗಿದ್ದು ಆಗಲೇ.

ವಾಪಸ್ ಬರುವಾಗ ಐದೂವರೆಗೆ ತಮ್ಮನಿಗೆ ಫೋನ್ ಮಾಡಿದೆ. ಹೆದ್ದಾರಿಯಲ್ಲಿ ಅರವತ್ತರ ವೇಗ ದಾಟಿದ ಕೂಡಲೇ ಸ್ಟೇರಿಂಗ್ ನಡುಗತೊಡಗಿತು. ನಿಲ್ಲಿಸಿ ನೋಡಿದರೆ ಮುಂದಿನ ಚಕ್ರದ ರಿಮ್ಮಿನ ಒಳಗೆ ಎರೆ ಮಣ್ಣು ಒಣಗಿ ಇಟ್ಟಿಗೆಯಂತೆ ಕೂತಿತ್ತು. ಸ್ಕ್ರೂಡ್ರೈವರ್ ಹಿಡಿದು ಕೆತ್ತಿ ತೆಗೆದ ಮೇಲೆ ನಡುಕ ನಿಂತಿತು.