ಬೇರೆಯವರ ಪಾತ್ರ, ನಿಮ್ಮ ಕಥೆ: ಲೇಖಕರ ನಿಲುವು ತಿಳಿದುಕೊಳ್ಳುವ ಬಗೆ

ಮೆಚ್ಚಿನ ಕಾದಂಬರಿಯ ಪಾತ್ರಗಳನ್ನಿಟ್ಟುಕೊಂಡು ಫ್ಯಾನ್ ಫಿಕ್ಷನ್ (ಅಭಿಮಾನಿ ಕಥೆ) ಬರೆಯುವ ಹೆಚ್ಚಿನವರು ಇಪ್ಪತ್ತು ಕಂತು ಹಾಕಿದ ಮೇಲೆ ಮೂಲ ಲೇಖಕರು ಏನಂತಾರೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಈ ವಿಚಾರಣೆ ಮೊದಲ ಕಂತಿಗೂ ಮುಂಚೆ ಆಗಬೇಕು.

ಕೃತಿಸ್ವಾಮ್ಯ ಇನ್ನೂ ಇದೆಯೇ ನೋಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿ 1ರಿಂದ 60 ವರ್ಷ ಎಣಿಸಬೇಕು. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಮುಕ್ತ. ಕುವೆಂಪು ಕೃತಿಗಳಿಗೆ 2054ರ ಕೊನೆಯವರೆಗೂ ಅನುಮತಿ ಬೇಕು. ಎಡವುವುದು ಸಿನಿಮಾದ ವಿಷಯದಲ್ಲಿ. ತ್ರಿವೇಣಿಯವರದೇ ಕಾದಂಬರಿ ಆಧರಿಸಿದ 'ಬೆಳ್ಳಿಮೋಡ' ಚಿತ್ರ 1967ರದ್ದು, ಅದರ ಹಕ್ಕು ಬೇರೆ, 2027 ಮುಗಿಯುವವರೆಗೂ ಇರುತ್ತದೆ. ಕಾದಂಬರಿಯಲ್ಲಿಲ್ಲದ, ಚಿತ್ರಕ್ಕಾಗಿ ಸೇರಿಸಿದ ದೃಶ್ಯ ಅಥವಾ ಮಾತನ್ನು ಎತ್ತಿಕೊಳ್ಳಬೇಡಿ.

ಕೃತಿಸ್ವಾಮ್ಯ ಇನ್ನೂ ಇದ್ದರೆ ಲೇಖಕರ ಅಧಿಕೃತ ಜಾಲತಾಣ, ಪ್ರಶ್ನೋತ್ತರ, ಸಂದರ್ಶನಗಳನ್ನು ಹುಡುಕಿ. ಸಿಕ್ಕ ಹೇಳಿಕೆಯ ತಾರೀಖು ಬರೆದಿಟ್ಟುಕೊಳ್ಳಿ, ಏಕೆಂದರೆ ನಿಲುವು ಬದಲಾಗುತ್ತದೆ. ಅಮೆರಿಕದ ಕಾದಂಬರಿಕಾರ್ತಿ ಆನ್ ರೈಸ್ 2000ದಲ್ಲಿ ಖಡಾಖಂಡಿತವಾಗಿ ಬೇಡ ಎಂದಿದ್ದರು, 2012ರ ಹೊತ್ತಿಗೆ ಮೆತ್ತಗಾಗಿದ್ದರು. 'ಗೇಮ್ ಆಫ್ ಥ್ರೋನ್ಸ್' ಬರೆದ ಜಾರ್ಜ್ ಆರ್. ಆರ್. ಮಾರ್ಟಿನ್ ಮೊದಲಿನಿಂದಲೂ ವಿರೋಧಿ. 'ಹ್ಯಾರಿ ಪಾಟರ್' ಲೇಖಕಿ ಜೆ. ಕೆ. ರೌಲಿಂಗ್ ಅವರ ಏಜೆಂಟರು 2004ರಲ್ಲಿ ಒಪ್ಪಿಗೆಯೇನೋ ಸೂಚಿಸಿದರು, ಆದರೆ ಹಣ ಮಾಡಬಾರದು, ಅಶ್ಲೀಲ ಇರಬಾರದು ಎಂಬ ಕಟ್ಟುಪಾಡಿನೊಂದಿಗೆ. 'ಒಪ್ಪಿದ್ದಾರೆ' ಎಂಬ ಒಂದೇ ಪದ ಓದಿ ನಿಲ್ಲಿಸಬೇಡಿ. ಷರತ್ತುಗಳಲ್ಲೇ ವಿಷಯ ಇರುವುದು.

ನೀವು ಹಾಕಿದ ತಾಣ ಕಥೆಯನ್ನು ಉಳಿಸಿಕೊಂಡಿದೆ ಎಂದರೆ ಲೇಖಕರು ಒಪ್ಪಿದ್ದಾರೆ ಎಂದಲ್ಲ. ಫ್ಯಾನ್‌ಫಿಕ್ಷನ್.ನೆಟ್ ಎಂಬ ಅಭಿಮಾನಿ ಕಥೆಗಳ ತಾಣ ಬೇಡವೆಂದ ಲೇಖಕರ ಪಟ್ಟಿ ಇಟ್ಟುಕೊಂಡಿದೆ. ಆರ್ಕೈವ್ ಆಫ್ ಅವರ್ ಓನ್ ಎಂಬ ಇನ್ನೊಂದು ತಾಣ ಲೇಖಕರಿಗೆ ಇಷ್ಟವಿಲ್ಲ ಎಂಬ ಒಂದೇ ಕಾರಣಕ್ಕೆ ಕಥೆ ತೆಗೆಯುವುದಿಲ್ಲ.

ಎಲ್ಲೂ ಹೇಳಿಕೆ ಸಿಗದಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳದೆ ಪ್ರಕಾಶಕರ ಮೂಲಕ ಲೇಖಕರಿಗೆ, ಅವರಿಲ್ಲದಿದ್ದರೆ ಹಕ್ಕುದಾರರಿಗೆ ಪತ್ರ ಬರೆಯಿರಿ. ಇಷ್ಟು ಸಾಕು:

"ಮಾನ್ಯರೇ, ತಮ್ಮ ಇಂಥ ಕಾದಂಬರಿಯ ಇಂಥ ಪಾತ್ರವನ್ನು ಇಟ್ಟುಕೊಂಡು ಸುಮಾರು 5,000 ಪದಗಳ ಕಥೆಯೊಂದನ್ನು ಬರೆದು ಇಂಥ ತಾಣದಲ್ಲಿ ಉಚಿತವಾಗಿ ಹಾಕಬೇಕೆಂದಿದ್ದೇನೆ. ಮೂಲ ಕೃತಿ ತಮ್ಮದೆಂದು ಮೊದಲ ಸಾಲಿನಲ್ಲೇ ಹೇಳುತ್ತೇನೆ. ದಯವಿಟ್ಟು ತಮ್ಮ ಅನುಮತಿ ತಿಳಿಸಬೇಕು. ಕಥೆಯನ್ನು ಇದರ ಜೊತೆ ಕಳಿಸುತ್ತಿಲ್ಲ."

ಕೊನೆಯ ಸಾಲು ಬಿಡಬೇಡಿ. ಅಭಿಮಾನಿ ಕಥೆಗಳಿಗೆ ಪ್ರೋತ್ಸಾಹ ಕೊಡುತ್ತಿದ್ದ ಅಮೆರಿಕದ ಲೇಖಕಿ ಮೇರಿಯನ್ ಜಿಮ್ಮರ್ ಬ್ರ್ಯಾಡ್ಲಿ 1990ರ ದಶಕದ ಆರಂಭದಲ್ಲಿ ಅಂಥದೊಂದು ಕಥೆ ಓದಿದರು. ಅದರ ಕಲ್ಪನೆಯ ಬಗ್ಗೆ ತಕರಾರೆದ್ದು ತಮ್ಮದೇ ಕಾದಂಬರಿಯನ್ನು ಕೈಬಿಡಬೇಕಾಯಿತು. ಅಂದಿನಿಂದ ಅನೇಕ ಲೇಖಕರು ಅಭಿಮಾನಿ ಕಥೆಯ ಕಡೆ ಕಣ್ಣೇ ಹಾಯಿಸುವುದಿಲ್ಲ. ಕಥೆ ಲಗತ್ತಿಸಿದರೆ ಉತ್ತರವೂ ಬರಲಿಕ್ಕಿಲ್ಲ. ಮೌಖಿಕ ಒಪ್ಪಿಗೆ ಸಿಕ್ಕರೆ ಅದೇ ದಿನ "ತಾವು ಹೀಗೆ ಹೇಳಿದಿರಿ" ಎಂದು ಮೇಲ್ ಹಾಕಿ ದಾಖಲೆ ಮಾಡಿಕೊಳ್ಳಿ.

"ಪಾತ್ರಗಳು ನನ್ನವಲ್ಲ" ಎಂಬ ಸಾಲು ಸೌಜನ್ಯವೇ ಹೊರತು ಕಾನೂನಿನ ರಕ್ಷೆಯಲ್ಲ. ದುಡ್ಡು ಸೇರಿದರಂತೂ ಸಹನೆ ಮುಗಿಯಿತು: ಟೋಲ್ಕಿನ್ ಅವರ 'ದ ಲಾರ್ಡ್ ಆಫ್ ದ ರಿಂಗ್ಸ್' ಕೃತಿಗೆ ಮುಂದುವರಿಕೆ ಬರೆದು ಮಾರಿದ ಅಮೆರಿಕದ ಲೇಖಕರೊಬ್ಬರಿಗೆ 2023ರಲ್ಲಿ ನ್ಯಾಯಾಲಯ ಎಲ್ಲ ಪ್ರತಿಗಳನ್ನೂ ನಾಶಮಾಡಲು ಹೇಳಿ, ಎದುರು ಪಕ್ಷದ ವಕೀಲರ ಖರ್ಚು ಸುಮಾರು 1,34,000 ಡಾಲರ್ ಹೊರಿಸಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಇನ್ನೊಂದು ಹೆಜ್ಜೆ ಮುಂದೆ. ಹಕ್ಕು ಮಾರಿದ್ದರೂ, ಕೃತಿಯನ್ನು ತಮ್ಮ ಗೌರವಕ್ಕೆ ಕುಂದು ಬರುವಂತೆ ತಿರುಚಿದರೆ ಲೇಖಕರು ಆಕ್ಷೇಪಿಸಬಹುದು. 2012ರ ತಿದ್ದುಪಡಿಯ ನಂತರ ಇದಕ್ಕೆ ಅವಧಿಯ ಮಿತಿ ಇಲ್ಲ, ವಾರಸುದಾರರೂ ಕೇಳಬಹುದು.

ತೆಗೆಯಿರಿ ಎಂದು ಪತ್ರ ಬಂದರೆ ವಾದಕ್ಕಿಳಿಯುವ ಮೊದಲು ಕಥೆಯನ್ನು ತೆಗೆದುಹಾಕಿ. ಪ್ರತಿಲಿಪಿಯಲ್ಲಿ ಅಳಿಸಿ ವಾಟ್‌ಪ್ಯಾಡ್‌ನಲ್ಲಿ ಮರೆಯುವುದು ಮಾಮೂಲಿ. ವಾಟ್ಸಾಪ್ ಗುಂಪಿಗೆ ಕಳಿಸಿದ ಪಿಡಿಎಫ್ ಅಂತೂ ಯಾರಿಗೂ ನೆನಪಿರುವುದಿಲ್ಲ. ಎಲ್ಲೆಲ್ಲಿ ಹಾಕಿದ್ದೀರಿ ಎಂಬ ಪಟ್ಟಿಯನ್ನು ಮೊದಲ ದಿನದಿಂದಲೇ ಬರೆದಿಡಿ.