ಓಣಿಯ ಮಕ್ಕಳು ಕೂಡಿ ಶಾಲೆಗೆ ನಡೆಯಲಿ: ಗುಂಪು ಕಟ್ಟುವುದು ಹೀಗೆ

ಧಾರವಾಡದ ನಮ್ಮ ಓಣಿಯಿಂದ ಮಕ್ಕಳ ಶಾಲೆ ಮುಕ್ಕಾಲು ಕಿಲೋಮೀಟರ್. ದೊಡ್ಡವರು ಹತ್ತು ನಿಮಿಷದಲ್ಲಿ ಮುಟ್ಟುತ್ತಾರೆ. ಆದರೂ ಬೆಳಿಗ್ಗೆ ಗೇಟಿನ ಮುಂದೆ ಸ್ಕೂಟರ್, ಕಾರು, ಆಟೊ, ಟಂಟಂ ಎಲ್ಲ ಒಂದಕ್ಕೊಂದು ತಾಗಿ ನಿಂತಿರುತ್ತವೆ. ಯಾರನ್ನು ಕೇಳಿದರೂ ಒಂದೇ ಮಾತು: ‘ಗಾಡಿ ಭಾಳ ಆಗ್ಯಾವ್ರಿ, ಹುಡುಗೂರನ್ನ ನಡಕೊಂಡು ಹೆಂಗ ಕಳಸೂದು?’ ಆ ಗಾಡಿಗಳೆಲ್ಲ ಹುಡುಗರನ್ನು ಬಿಡಲು ಬಂದವೇ ಅಲ್ವಾ?

ಇದಕ್ಕೊಂದು ಸರಳ ದಾರಿ ಇದೆ. ಎಂಟು-ಹತ್ತು ಮಕ್ಕಳು ಕೂಡಿ ಹೊರಡುವುದು. ಇಬ್ಬರು ದೊಡ್ಡವರು ಜೊತೆಗೆ ನಡೆಯುವುದು. ದಾರಿಯಲ್ಲಿ ಮೂರ್ನಾಲ್ಕು ಕಡೆ ನಿಂತು ಉಳಿದ ಮಕ್ಕಳನ್ನು ಸೇರಿಸಿಕೊಳ್ಳುವುದು. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ ಇದನ್ನು ‘ನಡೆಯುವ ಬಸ್’ ಎಂದು ಹೇಳಿಕೊಟ್ಟರು. ಅಲ್ಲಿಂದ ಇಂಗ್ಲೆಂಡಿಗೂ ಬೇರೆ ದೇಶಗಳಿಗೂ ಹಬ್ಬಿತು. ಜಪಾನಿನ ಎಷ್ಟೋ ಊರುಗಳಲ್ಲಿ ಒಂದೇ ಕೇರಿಯ ಮಕ್ಕಳು ಗುಂಪಾಗಿ ಶಾಲೆಗೆ ನಡೆಯುತ್ತಾರೆ, ದೊಡ್ಡ ತರಗತಿಯ ಹುಡುಗ ಮುಂದಿರುತ್ತಾನೆ. ನಮ್ಮ ಓಣಿಯ ಹುಡುಗರು ಇದಕ್ಕಿಟ್ಟ ಹೆಸರು ‘ಕಾಲಬಸ್ಸು’.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆಚ್ಚಗಾಗುವಂತೆ ಓಡಾಡಬೇಕು, ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೋಗಿ ಬರುವ ಚುರುಕು ನಡಿಗೆಯಲ್ಲೇ ಅದರ ಅರ್ಧದಷ್ಟು ಆಗಿಹೋಗುತ್ತದೆ. ಆದರೆ ನನಗೆ ಇದರಲ್ಲಿ ಹೆಚ್ಚು ಬೇಕಾದದ್ದು ಬೇರೆ. ಮಗು ಒಂದು ದಿನ ನಮ್ಮ ಕೈ ಬಿಟ್ಟು ತಾನೇ ರಸ್ತೆ ದಾಟಬೇಕು. ಅದನ್ನು ಕಲಿಸದೆ ಸುಮ್ನೆ ಕಾವಲು ಕಾಯುವ ಗುಂಪುಗಳನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾಲ್ಕು ಮನೆ

ವಾಟ್ಸ್ಆ್ಯಪ್ ಗುಂಪಿನಿಂದ ಶುರು ಮಾಡಬೇಡಿ. ಅರವತ್ತು ಜನ ಸೇರುತ್ತಾರೆ, ಸೋಮವಾರ ಬೆಳಿಗ್ಗೆ ಒಬ್ಬರೂ ಬರುವುದಿಲ್ಲ. ನಾಲ್ಕು ಮನೆಯ ಬಾಗಿಲು ತಟ್ಟಿ, ಕೂತು ಮಾತಾಡಿ. ಅಜ್ಜಂದಿರನ್ನು ಮರೆಯಬೇಡಿ. ಬೆಳಗಿನ ವಾಕಿಂಗ್ ಮುಗಿಸಿ ಕಟ್ಟೆಯ ಮೇಲೆ ಕೂರುವ ರಿಟೈರ್ಡ್ ಮಾಸ್ತರು ಒಬ್ಬರು ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಲೆಕ್ಕ ಇಷ್ಟೇ: ಆರು ಮಕ್ಕಳಿಗೆ ಒಬ್ಬರು ದೊಡ್ಡವರು. ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿದ್ದರೆ ಮೂವರಿಗೆ ಒಬ್ಬರು. ಗುಂಪು ಎಷ್ಟೇ ಚಿಕ್ಕದಿದ್ದರೂ ಮುಂದೊಬ್ಬರು, ಹಿಂದೊಬ್ಬರು ಬೇಕೇ ಬೇಕು. ಹಿಂದಿರುವವರು ಫೋನ್ ಜೇಬಿನಿಂದ ತೆಗೆಯಬಾರದು.

ದಾರಿ ನೋಡುವುದು

ಭಾನುವಾರ ನೋಡಿದರೆ ಪ್ರಯೋಜನವಿಲ್ಲ. ಶಾಲೆಯ ದಿನ, ಶಾಲೆಯ ಹೊತ್ತಿಗೇ ನಡೆಯಿರಿ. ಜೊತೆಗೆ ಒಂದು ಮಗುವನ್ನೂ ಕರೆದುಕೊಳ್ಳಿ. ಮಗುವಿನ ಎತ್ತರಕ್ಕೆ ಕೂತು ಎರಡೂ ಬದಿ ನೋಡಿ. ನಿಮಗೆ ಕಾಣುವ ರಸ್ತೆ, ನಿಂತ ಕಾರಿನ ಬಾನೆಟ್ಟಿನ ಹಿಂದಿರುವ ಮಗುವಿಗೆ ಕಾಣುವುದಿಲ್ಲ. ತೆರೆದ ಗಟಾರ, ಕರೆಂಟಿನ ಟಿಸಿಯ (ಟ್ರಾನ್ಸ್‌ಫಾರ್ಮರ್) ಹತ್ತಿರದ ಇಕ್ಕಟ್ಟು, ಮರಿ ಹಾಕಿದ ನಾಯಿ, ಗೇಟಿನಿಂದ ಹಿಮ್ಮುಖವಾಗಿ ಬರುವ ಕಾರು, ಎಲ್ಲ ಬರೆದುಕೊಳ್ಳಿ. ಐದು ನಿಮಿಷ ಸುತ್ತಾದರೂ ಒಳಗಿನ ಓಣಿಯ ದಾರಿಯೇ ಒಳ್ಳೆಯದು. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿಂದ ಬರುವ ಗಾಡಿ ಕಾಣುವ ಹಾಗೆ ನಡೆಯಬೇಕು.

ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಬಿಆರ್‌ಟಿಎಸ್ ರಸ್ತೆಯನ್ನು ಸಿಗ್ನಲ್ ಇಲ್ಲದ ಕಡೆ ಮಕ್ಕಳ ಸಾಲು ದಾಟಬಾರದು. ಅದು ಕಲಿಯುವ ಜಾಗವಲ್ಲ. ಅಂಚಿನಲ್ಲಿ ಬೇರೆ ಗಾಡಿಗಳು, ನಡುವೆ ‘ಚಿಗರಿ’ ಎಂಬ ವೇಗದ ಬಸ್ಸುಗಳದ್ದೇ ಬೇರೆ ದಾರಿ, ಅದೂ ಎರಡೂ ಕಡೆಯಿಂದ. ಮಗು ಒಂದೇ ಸಲಕ್ಕೆ ಮೂರ್ನಾಲ್ಕು ರಸ್ತೆ ದಾಟಿದ ಹಾಗೆ. ಶಾಲೆ ಆಚೆ ಬದಿಯಲ್ಲಿದ್ದರೆ ಗಾಡಿಯಲ್ಲೇ ದಾಟಿಸಿ, ಆಚೆಯ ಓಣಿಯೊಳಗೆ ಇಳಿಸಿ, ಕೊನೆಯ ಅರ್ಧ ಕಿಲೋಮೀಟರ್ ನಡೆಸಿ. ಶಾಲೆ ತೀರ ದೂರ ಇರುವವರೂ ಹೀಗೇ ಮಾಡಬಹುದು.

ನಿಲ್ಲುವ ಜಾಗಗಳಿಗೆ ಹುಡುಗರೇ ಹೆಸರಿಡಲಿ: ಬೇವಿನ ಗಿಡ, ಹಿಟ್ಟಿನ ಗಿರಣಿ, ನೀರಿನ ಟಾಕಿ. ಒಂದೊಂದು ಕಡೆ ಎರಡು ನಿಮಿಷ ಕಾಯಿರಿ, ಮೂರನೆಯ ನಿಮಿಷಕ್ಕೆ ಹೊರಡಿ. ಒಂದು ವಾರ ಎರಡು ಮನೆಯವರು ಮುನಿಸಿಕೊಳ್ಳುತ್ತಾರೆ. ಆಮೇಲೆ ಆ ಮನೆಯ ಹುಡುಗನೇ ‘ಅವ್ವಾ, ಲಗೂನ ಡಬ್ಬಿ ಕಟ್ಟು’ ಎಂದು ಅವಸರ ಮಾಡುತ್ತಾನೆ.

ರಸ್ತೆ ದಾಟುವುದು

ಎಲ್ಲರೂ ತಪ್ಪುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ನಮ್ಮ ಗುಂಪಿನ ಎರಡನೇ ವಾರ. ಹತ್ತು ಮಕ್ಕಳು ಒಬ್ಬರ ಹಿಂದೊಬ್ಬರು ಸಾಲಾಗಿ ದಾಟುತ್ತಿದ್ದರು. ಮುಂದಿನವರು ಆಚೆ ಮುಟ್ಟಿದ್ದರು, ಬಾಲದಲ್ಲಿದ್ದ ಎರಡನೇ ಕ್ಲಾಸಿನ ಹುಡುಗಿ ಇನ್ನೂ ಈಚೆ ಅಂಚಿನಲ್ಲಿದ್ದಳು. ಮುಂದಿದ್ದ ನಾನು ‘ಲಗೂ ಬಾ’ ಎಂದೆ. ಅವಳು ಓಡಿದಳು. ನಡುವೆ ನೀರಿನ ಬಾಟಲಿ ಬಿತ್ತು, ಎತ್ತಿಕೊಳ್ಳಲು ಬಗ್ಗಿದಳು. ಬೈಕ್ ಕೀರೆಂದು ನಿಂತಿತು. ಅವಳ ಬ್ಯಾಗಿಗೂ ಚಕ್ರಕ್ಕೂ ಒಂದು ಗೇಣು. ಬಾಟಲಿ ಉರುಳಿ ಉರುಳಿ ಗಟಾರಕ್ಕೆ ಬಿತ್ತು. ಹುಡುಗಿಗೆ ಏನೂ ಆಗಲಿಲ್ಲ. ಆದರೆ ಸಂಜೆಯವರೆಗೂ ನನ್ನ ಕೈ ನಡುಗುತ್ತಿತ್ತು. ತಪ್ಪು ನನ್ನದೇ. ಅಲ್ಲಿಂದ ಈಚೆಗೆ ನಾವು ದಾಟುವ ರೀತಿ ಪೂರ್ತಿ ಬದಲಾಯಿತು.

ಮೊದಲ ಬದಲಾವಣೆ: ಸಾಲಾಗಿ ನಡೆಯಿರಿ, ಆದರೆ ಸಾಲಾಗಿ ದಾಟಬೇಡಿ. ರಸ್ತೆಯ ಅಂಚಿಗೆ ಬಂದ ಕೂಡಲೇ ಎಲ್ಲರೂ ರಸ್ತೆಗೆ ಮುಖ ಮಾಡಿ, ಹೆಗಲಿಗೆ ಹೆಗಲು ಹಚ್ಚಿ ನಿಲ್ಲಬೇಕು. ಎರಡು ತುದಿಗೆ ಇಬ್ಬರು ದೊಡ್ಡವರು. ದಾಟುವಾಗ ಎಲ್ಲರೂ ಒಟ್ಟಿಗೆ ಹೆಜ್ಜೆ ಇಡಬೇಕು. ಏಳು ಮೀಟರ್ ಅಗಲದ ರಸ್ತೆಗೆ ಮಗುವಿನ ನಡಿಗೆಯಲ್ಲಿ ಏಳು ಸೆಕೆಂಡ್ ಬೇಕು. ಒಬ್ಬರ ಹಿಂದೊಬ್ಬರು ಹೋದರೆ ಹತ್ತು ಮೀಟರ್ ಉದ್ದದ ಬಾಲವೂ ದಾಟಬೇಕು. ಆಗ ಹದಿನೇಳು ಸೆಕೆಂಡ್. ಇದನ್ನು ಮನೆಯ ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಮೂರು ದಿನ ಆಡಿಸಿ. ಆಮೇಲೆ ರಸ್ತೆಗೆ ಹೋಗಿ.

ಎರಡನೆಯದು ದೂರದ ಅಂದಾಜು. ಒಂಬತ್ತು-ಹತ್ತು ವರ್ಷದವರೆಗೆ ಮಕ್ಕಳಿಗೆ ಗಾಡಿಯ ವೇಗ ಸರಿಯಾಗಿ ಗೊತ್ತಾಗುವುದಿಲ್ಲ. ಗಾಡಿ ಕಾಣುತ್ತದೆ, ಎಷ್ಟು ಬೇಗ ಬರುತ್ತದೆ ಎಂಬುದು ತಿಳಿಯುವುದಿಲ್ಲ. ‘ಗಾಡಿ ದೂರ ಇದ್ದಾಗ ದಾಟು’ ಎಂದರೆ ಅವರಿಗೆ ಏನೂ ಹೇಳಿದಂತಾಗಲಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕ್ ಒಂದು ಸೆಕೆಂಡಿಗೆ 11 ಮೀಟರ್ ಬರುತ್ತದೆ. ನಾವು ದಾಟುವ ಏಳು ಸೆಕೆಂಡಿನಲ್ಲಿ 77 ಮೀಟರ್ ಬಂದಿರುತ್ತದೆ. ಹಾಗಾಗಿ ದಾಟುವ ಜಾಗದಿಂದ ಎರಡೂ ಕಡೆ ನೂರು ಮೀಟರ್ ಅಳೆದು, ಅಲ್ಲೊಂದು ಗುರುತು ಹಿಡಿಯಿರಿ. ನಮ್ಮಲ್ಲಿ ಒಂದು ಕಡೆ ಗಿರಣಿಯ ಬೋರ್ಡು, ಇನ್ನೊಂದು ಕಡೆ ಹಸಿರು ಗೇಟು. ಬೋರ್ಡಿಗೂ ನಮಗೂ ನಡುವೆ ಗಾಡಿ ಇದ್ದರೆ ದಾಟುವಂತಿಲ್ಲ. ಗೇಟಿನ ಕಡೆಯೂ ಅಷ್ಟೇ. ಆರು ವರ್ಷದ ಮಗುವೂ ಇದನ್ನು ಒಂದೇ ದಿನದಲ್ಲಿ ಹಿಡಿಯುತ್ತದೆ. ಆ ರಸ್ತೆಯಲ್ಲಿ ಗಾಡಿಗಳು ಇನ್ನೂ ಜೋರು ಬರುತ್ತಿದ್ದರೆ ಅಥವಾ ತಿರುವಿನಿಂದಾಗಿ ನೂರು ಮೀಟರ್ ಕಾಣದಿದ್ದರೆ ಅಲ್ಲಿ ದಾಟಲೇಬೇಡಿ, ಬೇರೆ ಜಾಗ ಹುಡುಕಿ.

ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ ನೋಡಬೇಕು. ರಾಂಗ್ ಸೈಡಿನಲ್ಲಿ ಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ಅದಕ್ಕೇ ದಾಟುವಾಗಲೂ ತಲೆ ಎರಡೂ ಕಡೆ ತಿರುಗುತ್ತಿರಬೇಕು. ಕಿವಿಯನ್ನೇ ನಂಬಬೇಡಿ. ಎಲೆಕ್ಟ್ರಿಕ್ ಸ್ಕೂಟರ್ ಸದ್ದಿಲ್ಲದೆ ಪಕ್ಕಕ್ಕೆ ಬಂದಿರುತ್ತದೆ.

ಓಡಬಾರದು. ಏನೇ ಬಿದ್ದರೂ ಬಗ್ಗಬಾರದು. ಚಪ್ಪಲಿ ಕಳಚಿದರೆ ಬರಿಗಾಲಲ್ಲೇ ಮುಂದೆ ನಡೆಯಬೇಕು. ಬಿದ್ದದ್ದನ್ನು ತರುವುದು ದೊಡ್ಡವರ ಕೆಲಸ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಅಂಗಳದ ಆಟದಲ್ಲಿ ಬೇಕಂತಲೇ ಬಾಟಲಿ ಬೀಳಿಸಿ, ಬಗ್ಗದೆ ನಡೆದವರನ್ನು ಮೆಚ್ಚಿ ಮಾತಾಡಿ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಕೈ ಹಿಡಿದು ಎಳೆಯಬೇಡಿ. ಎಳೆಸಿಕೊಂಡ ಮಗು ರಸ್ತೆ ನೋಡುವುದಿಲ್ಲ, ನಿಮ್ಮ ಸೀರೆಯ ಸೆರಗು ನೋಡುತ್ತದೆ. ‘ಈಗ ದಾಟೂಣು’ ಎಂದು ಹೇಳುವ ಪಾಳಿ ದಿನಾ ಒಂದು ಮಗುವಿಗೆ ಕೊಡಿ. ಸರಿಯಿಲ್ಲದಿದ್ದರೆ ನೀವು ‘ತಡಿ’ ಎನ್ನಿ, ಅಷ್ಟೇ. ಚಿಕ್ಕವರು ಜಾಸ್ತಿ ಹೊತ್ತು ಕಾಯುತ್ತಾರೆ, ಹಿಂದೆ ನಿಂತವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ. ಬಾಟಲಿ ಬೀಳಿಸಿದ ಅದೇ ಹುಡುಗಿ ತಿಂಗಳ ಮೇಲೆ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು. ‘ತಡೀರಿ ಕಾಕು, ಬೋರ್ಡಿನ ಈಚೆ ಒಂದ್ ಸ್ಕೂಟರ್ ಐತಿ.’ ನಾನು ನೋಡಿರಲಿಲ್ಲ.

ಏನು ಕೊಳ್ಳಬೇಕು, ಏನು ಬೇಡ

ಹೆಚ್ಚು ಖರ್ಚಿಲ್ಲ. ಎಲ್ಲರಿಗೂ ಒಂದೇ ಬಣ್ಣದ ಟೊಪ್ಪಿಗೆ, ಹಳದಿ ಅಥವಾ ಕೇಸರಿ. ಪೇಟೆಯಲ್ಲಿ ಸಿಗುವ ಅಗ್ಗದ ಮಿನುಗು ಜಾಕೆಟ್ ನಾಲ್ಕು ಒಗೆತಕ್ಕೆ ಮಂಕಾಗುತ್ತದೆ, ದುಡ್ಡು ದಂಡ. ಧಾರವಾಡದ ಜಿಟಿಜಿಟಿ ಮಳೆಗೆ ಛತ್ರಿ ಬೇಡ, ಮಕ್ಕಳು ಅದರೊಳಗೆ ತಲೆ ಹುದುಗಿಸಿ ನಡೆಯುತ್ತಾರೆ. ರೇನ್‌ಕೋಟೇ ಇರಲಿ. ಆದರೆ ಕೊಳ್ಳುವಾಗ ಟೊಪ್ಪಿ ಏರಿಸಿ ತಲೆ ತಿರುಗಿಸಿ ನೋಡಿ. ತಲೆ ತಿರುಗಿದರೂ ಟೊಪ್ಪಿ ತಿರುಗದಿದ್ದರೆ ಅದು ಕಣ್ಣು ಮುಚ್ಚುತ್ತದೆ, ವಾಪಸ್ ಇಡಿ. ಕಡುನೀಲಿ, ಕಪ್ಪು ಬೇಡವೇ ಬೇಡ.

ಗಾಲಿ ಇರುವ ಬ್ಯಾಗ್ ನಮ್ಮ ಓಣಿಗಳಿಗೆ ಆಗುವುದಿಲ್ಲ. ಕಲ್ಲಿಗೆ ಸಿಕ್ಕಿ ಮಗುವನ್ನು ಹಿಂದಕ್ಕೆ ಎಳೆಯುತ್ತದೆ. ಬ್ಯಾಗಿನ ಭಾರ ಮಗುವಿನ ತೂಕದ ಶೇ 10ಕ್ಕಿಂತ ಜಾಸ್ತಿ ಇರಬಾರದು ಎಂದು ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. 22 ಕಿಲೋ ಮಗುವಿಗೆ ಎರಡು ಕಿಲೋ ಚಿಲ್ಲರೆ. ಒಮ್ಮೆ ತಕ್ಕಡಿಗೆ ಹಾಕಿ ನೋಡಿ, ಆಮೇಲೆ ಶಾಲೆಯ ಅಕ್ಕೋರ ಹತ್ತಿರ ಮಾತಾಡಲು ನಿಮಗೇ ಧೈರ್ಯ ಬರುತ್ತದೆ. ಮಗು ಎಲ್ಲಿದೆ ಎಂದು ತೋರಿಸುವ ಕೈಗಡಿಯಾರಗಳನ್ನು ನಾನು ಕೊಡಿಸುವುದಿಲ್ಲ. ಅದು ದಾರಿ ಕಲಿಸುವುದಿಲ್ಲ, ತಾಯಂದಿರನ್ನು ಫೋನಿಗೆ ಅಂಟಿಸುತ್ತದೆ.

ಯಾವಾಗ ಶುರು ಮಾಡುವುದು

ಜೂನ್ ಬೇಡ. ಮಳೆ, ಹೊಸ ಕ್ಲಾಸು, ಹೊಸ ಬೂಟು ಎಲ್ಲ ಒಟ್ಟಿಗೆ ಬರುತ್ತವೆ. ದಸರಾ ರಜೆ ಮುಗಿದ ಮೇಲಿನ ವಾರ ಸರಿಯಾದದ್ದು. ಮೊದಲ ನಾಲ್ಕು ವಾರ ಶನಿವಾರ ಮಾತ್ರ ನಡೆಯಿರಿ. ಶನಿವಾರ ಮುಂಜಾನೆ ಸಾಲಿ, ರಸ್ತೆಯಲ್ಲಿ ಗಾಡಿಯೂ ಕಡಿಮೆ. ಐದನೇ ವಾರದಿಂದ ದಿನಾ.

ದೊಡ್ಡವರು ಹಿಂದೆ ಸರಿಯುವುದು

ಇದನ್ನು ಮಾಡದೆ ಬಿಟ್ಟ ಗುಂಪುಗಳೇ ಹೆಚ್ಚು. ದೊಡ್ಡವರಿಗೆ ಬೇಸರವಾಗುತ್ತದೆ, ಗುಂಪು ನಿಲ್ಲುತ್ತದೆ, ಮಕ್ಕಳು ಮತ್ತೆ ಸ್ಕೂಟರ್ ಏರುತ್ತಾರೆ. ಮೂರನೇ ತಿಂಗಳು ಮುಂದಿನ ಜಾಗವನ್ನು ಆರನೇ ಅಥವಾ ಏಳನೇ ಕ್ಲಾಸಿನ ಮಗುವಿಗೆ ಕೊಡಿ. ದೊಡ್ಡವರಲ್ಲಿ ಒಬ್ಬರು ಹತ್ತು ಹೆಜ್ಜೆ ಹಿಂದೆ ನಡೆಯಲಿ. ಆಮೇಲೆ ಅವರು ದಾರಿಗುಂಟ ನಡೆಯದೆ ದಾಟುವ ಜಾಗದಲ್ಲಿ ಮಾತ್ರ ನಿಲ್ಲಲಿ. ಹತ್ತು ವರ್ಷ ತುಂಬಿದವರು ವರ್ಷದ ಕೊನೆಗೆ ತಾವೇ ಹೋಗುತ್ತಾರೆ. ಚಿಕ್ಕವರ ಜೊತೆಗೆ ಒಬ್ಬರು ಇರಲೇಬೇಕು, ಅಲ್ಲಿ ಅವಸರ ಬೇಡ.

ಕೈ ಬಿಡುವ ಮೊದಲು ಮೂರು ಸಂಗತಿ ಬಾಯಿಪಾಠ ಆಗಿರಲಿ. ತಾಯಿ ಅಥವಾ ತಂದೆಯ ಫೋನ್ ನಂಬರು. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತಿಗೆ 112. ‘ನಿಮ್ಮಪ್ಪ ಕರಕೊಂಡು ಬಾ ಅಂದಾನ’ ಎಂದು ಯಾರಾದರೂ ಬಂದರೆ ಕೇಳಬೇಕಾದ ಗುಟ್ಟಿನ ಶಬ್ದ, ಮನೆಗೊಂದು ಬೇರೆ ಬೇರೆ. ನಾಯಿ ಅಡ್ಡ ಬಂದರೆ ಓಡದೆ, ಕಣ್ಣಿಗೆ ಕಣ್ಣು ಕೊಡದೆ ನಿಂತುಬಿಡಬೇಕು, ಬ್ಯಾಗನ್ನು ಮುಂದೆ ಹಿಡಿಯಬೇಕು.

ಸಂಜೆ ವಾಪಸ್ ಬರುವ ನಡಿಗೆಯನ್ನು ಎರಡು ತಿಂಗಳಾದ ಮೇಲೆ ಸೇರಿಸಿ. ಮಕ್ಕಳು ದಣಿದಿರುತ್ತಾರೆ, ಹಸಿದಿರುತ್ತಾರೆ, ರಸ್ತೆಯ ಕಡೆ ಗಮನ ಕಡಿಮೆ. ಹೊರಡುವ ಮೊದಲು ಗೇಟಿನ ಒಳಗೇ ಒಂದು ಶೇಂಗಾ ಚಿಕ್ಕಿ ಕೊಡಿ, ನೀರು ಕುಡಿಸಿ. ರಸ್ತೆ ದಾಟುವ ಕಟ್ಟಳೆ ಬೆಳಗಿನದೇ, ಒಂದಿಷ್ಟೂ ಸಡಿಲ ಬೇಡ. ದಾಟಿ ಓಣಿಯೊಳಗೆ ಬಂದ ಮೇಲೆ ಮಾತ್ರ ಗಡಿಯಾರ ನೋಡಬೇಡಿ. ಹುಣಸೆ ಗಿಡದ ಕೆಳಗೆ ಬಗ್ಗಿ ಕಾಯಿ ಆರಿಸುತ್ತಾರೆ, ಯಾರದೋ ಕಟ್ಟೆ ಹತ್ತಿ ಜಿಗಿಯುತ್ತಾರೆ, ಜಿಗಿಯಲಿ. ಹದಿನೈದು ನಿಮಿಷದ ದಾರಿ ಮುಕ್ಕಾಲು ತಾಸು ಆಗುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿಡಿ.