ಪರದೆಯ ಚಿತ್ರವನ್ನು ಪ್ರಿಂಟಿಗೆ ಕೊಡುವ ಮುನ್ನ

ಪ್ರಿಂಟಿಗೆ ‘300 ಡಿಪಿಐ ಇರಬೇಕು’, ಅಂದರೆ ಇಂಚಿಗೆ 300 ಚುಕ್ಕಿ ಬೇಕು ಅಂತ ಯಾರೋ ಅಂದಿರುತ್ತಾರೆ. ನಾವು ಫೋಟೋಶಾಪ್ ತೆರೆದು, 72 ಇದ್ದದ್ದನ್ನು 300 ಮಾಡಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ನಾನೂ ಹಾಗೇ ಮಾಡಿ, ನನ್ನ ಮೊದಲ ಪೋರ್ಟ್‌ಫೋಲಿಯೊವನ್ನು ಪೂರ್ತಿ ಮಬ್ಬಾಗಿ ಪ್ರಿಂಟ್ ಹಾಕಿಸಿಕೊಂಡಿದ್ದೆ.

ಆ 72 ಬರೀ ಒಂದು ಚೀಟಿ ಇದ್ದಂತೆ. ಚಿತ್ರದಲ್ಲಿ ನಿಜಕ್ಕೂ ಇರುವುದು ಪಿಕ್ಸೆಲ್‌ಗಳು. ಹಾಗಾಗಿ ಮೊದಲು ಅವನ್ನು ಎಣಿಸಿ, 300ರಿಂದ ಭಾಗಿಸಿ. 1920×1080 ಅಳತೆಯ ಸ್ಕ್ರೀನ್‌ಶಾಟ್ ಆದರೆ 6.4 ಇಂಚು ಅಗಲ, 3.6 ಇಂಚು ಎತ್ತರ. ಚೊಕ್ಕವಾಗಿ ಪ್ರಿಂಟ್ ಆಗುವುದು ಅಷ್ಟೇ ಜಾಗಕ್ಕೆ. ಅದನ್ನೇ ಅಡ್ಡ ಎ4 ಪುಟದ ಪೂರ್ತಿ ಅಗಲಕ್ಕೆ ಎಳೆದರೆ ಇಂಚಿಗೆ ಸುಮಾರು 164 ಪಿಕ್ಸೆಲ್ ಮಾತ್ರ ಸಿಗುತ್ತದೆ. ಫೋಟೋಶಾಪ್‌ನ ಇಮೇಜ್ ಸೈಜ್‌ನಲ್ಲಿ ‘ರೀಸ್ಯಾಂಪಲ್’ ಟಿಕ್ ತೆಗೆದು 300 ಹಾಕಿದರೂ ಇದೇ ಲೆಕ್ಕ ಕಾಣುತ್ತದೆ. ಟಿಕ್ ಇಟ್ಟುಕೊಂಡು ಹಾಕಿದರೆ ಅದು ಇಲ್ಲದ ಪಿಕ್ಸೆಲ್‌ಗಳನ್ನು ತಾನೇ ಊಹಿಸಿ ತುಂಬುತ್ತದೆ. ನನ್ನ ಪುಟಗಳು ಮಬ್ಬಾಗಿದ್ದು ಹೀಗೆ.

ಸರಿ, ಸಣ್ಣದಾಗೇ ಹಾಕಿಬಿಡೋಣ ಅಂದರೆ ಇನ್ನೊಂದು ತೊಂದರೆ. ಪರದೆಯಲ್ಲಿ 14 ಪಿಕ್ಸೆಲ್ ಇದ್ದ ಅಕ್ಷರ 300ರ ಲೆಕ್ಕದಲ್ಲಿ ಸುಮಾರು 3.4 ಪಾಯಿಂಟ್‌ಗೆ ಇಳಿಯುತ್ತದೆ. ಚೂಪಾಗಿರುತ್ತದೆ, ಆದರೆ ಓದುವವರು ಕಣ್ಣು ಕಿರಿದು ಮಾಡಬೇಕು. ಇದಕ್ಕೆ ಒಳ್ಳೆಯ ದಾರಿ, ಚಿತ್ರವನ್ನು ಮತ್ತೊಮ್ಮೆ ತೆಗೆಯುವುದು.

ಮೂಲ ಫೈಲ್ ಇದ್ದರೆ ಪಿಡಿಎಫ್ ಅಥವಾ ಎಸ್‌ವಿಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಅಕ್ಷರ, ಗೆರೆ, ಐಕಾನ್‌ಗಳನ್ನು ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಇಲ್ಲವೇ ಪರದೆ ವಿನ್ಯಾಸದ ತಂತ್ರಾಂಶ ಫಿಗ್ಮಾದಲ್ಲಿ 3 ಅಥವಾ 4 ಪಟ್ಟು ಅಳತೆಯ ಪಿಎನ್‌ಜಿ ತೆಗೆಯಿರಿ. ಒಳಗೆ ಇಟ್ಟ ಫೋಟೋಗಳು ಮಾತ್ರ ಇದರಿಂದ ಸುಧಾರಿಸುವುದಿಲ್ಲ, ಅವುಗಳ ದೊಡ್ಡ ಪ್ರತಿಯನ್ನೇ ಹುಡುಕಬೇಕು. ಬರೀ ವೆಬ್‌ಸೈಟ್ ಉಳಿದಿದೆಯಾ? ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಡಿವೈಸ್ ಪಿಕ್ಸೆಲ್ ರೇಶಿಯೊ (ಪುಟದ ಒಂದು ಪಿಕ್ಸೆಲ್ ಅಗಲಕ್ಕೆ ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಅನ್ನುವುದು) 3 ಇಟ್ಟು ಪೂರ್ತಿ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. 1280 ಅಗಲದ ಪುಟ 3840 ಪಿಕ್ಸೆಲ್ ಆಗಿ ಬರುತ್ತದೆ, ಅಡ್ಡ ಎ4ಗೆ ಧಾರಾಳ. ಜೆಪೆಗ್ ಬೇಡ, ಅಕ್ಷರದ ಸುತ್ತ ಕೊಳೆ ಕೂರುತ್ತದೆ.

ಹಳೆಯ ಸ್ಕ್ರೀನ್‌ಶಾಟ್ ಬಿಟ್ಟು ಬೇರೇನೂ ಇಲ್ಲ ಅಂದರೆ, ಇಮೇಜ್ ಸೈಜ್‌ನ ರೀಸ್ಯಾಂಪಲ್‌ನಲ್ಲಿ ‘ನಿಯರೆಸ್ಟ್ ನೇಬರ್’ ಆಯ್ದು ಸರಿಯಾಗಿ 300% ಅಥವಾ 400% ಹಿಗ್ಗಿಸಿ. 300% ಅಂದರೆ ಒಂದು ಪಿಕ್ಸೆಲ್ ಅದೇ ಬಣ್ಣದ ಒಂಬತ್ತಾಗುತ್ತದೆ. ಹೊಸ ವಿವರವೇನೂ ಬರುವುದಿಲ್ಲ, ಅಂಚು ಮಾತ್ರ ಮಬ್ಬಾಗುವುದಿಲ್ಲ. ಫೋಟೋಗೆ ಈ ಉಪಾಯ ಬೇಡ, ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಇನ್ನು ಬಣ್ಣ. ಪರದೆ ಬೆಳಕು ಬೀರುತ್ತದೆ, ಶಾಯಿ ಬೀರುವುದಿಲ್ಲ. ಹೊಳೆಯುವ ನೀಲಿ, ಗಿಳಿಹಸಿರು ಪ್ರಿಂಟಿನಲ್ಲಿ ಮಂಕಾಗುವುದು ಖಚಿತ. ಯಾವ ಕಲರ್ ಪ್ರೊಫೈಲ್ (ಅವರ ಶಾಯಿ, ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಎಂದು ಹೇಳುವ ಫೈಲ್) ಬೇಕೆಂದು ಪ್ರೆಸ್ಸಿನವರನ್ನು ಕೇಳಿ, ಫೋಟೋಶಾಪ್‌ನ ‘ಪ್ರೂಫ್ ಕಲರ್ಸ್’ನಲ್ಲಿ ಮೊದಲೇ ನೋಡಿಕೊಳ್ಳಿ. ಆಮೇಲೆ ಬೇಜಾರಾಗುವುದು ತಪ್ಪುತ್ತದೆ. ಬಿಳಿ ಹಿನ್ನೆಲೆಯ ಸ್ಕ್ರೀನ್‌ಶಾಟ್‌ಗೆ ಅರ್ಧ ಪಾಯಿಂಟಿನ ಬೂದು ಗೆರೆ ಹಾಕಿ, ಇಲ್ಲದಿದ್ದರೆ ಕಾಗದದಲ್ಲೇ ಕರಗಿಹೋಗುತ್ತದೆ.

ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಪುಟ ಕಟ್ಟಿದ ಮೇಲೆ ಲಿಂಕ್ಸ್ ಪ್ಯಾನೆಲ್‌ನ ‘ಎಫೆಕ್ಟಿವ್ ಪಿಪಿಐ’ ನೋಡಿ, ಅಂದರೆ ಪುಟದಲ್ಲಿ ಇಟ್ಟ ಅಳತೆಗೆ ಇಂಚಿಗೆ ನಿಜಕ್ಕೂ ಸಿಗುವ ಪಿಕ್ಸೆಲ್. ನಂಬಬೇಕಾದ ಸಂಖ್ಯೆ ಅದೇ. ಪುಟದ ಅಂಚಿನವರೆಗೆ ಬರುವ ಚಿತ್ರವನ್ನು 3 ಮಿ.ಮೀ. ಹೊರಗೆ ಚಾಚಿ, ಕಾಗದ ಕತ್ತರಿಸುವಾಗ ಬಿಳಿ ಅಂಚು ಉಳಿಯದಿರಲಿ. ಪಿಡಿಎಫ್ ಮಾಡುವಾಗ ಒಂದು ಎಚ್ಚರ: ‘ಹೈ ಕ್ವಾಲಿಟಿ ಪ್ರಿಂಟ್’ ಆಯ್ಕೆ 450 ಪಿಪಿಐ ಮೀರಿದ ಚಿತ್ರಗಳನ್ನು ಸುಮ್ನೆ 300ಕ್ಕೆ ಇಳಿಸುತ್ತದೆ. ಅಷ್ಟು ಜತನದಿಂದ ಉಳಿಸಿಕೊಂಡ ಅಂಚು ಮತ್ತೆ ಮಬ್ಬು! ಆ ಡೌನ್‌ಸ್ಯಾಂಪಲಿಂಗ್ ಆಫ್ ಮಾಡಿ, ಕಂಪ್ರೆಷನ್‌ಗೆ ಜಿಪ್ ಆಯ್ದುಕೊಳ್ಳಿ. ಫೈಲ್ ಜಾಸ್ತಿ ದಪ್ಪವಾಗುತ್ತದೆ, ಆಗಲಿ.

ಕೊನೆಗೆ, ಅತಿ ಸಣ್ಣ ಅಕ್ಷರವಿರುವ ಒಂದು ಪುಟವನ್ನು ಮಾತ್ರ ಅದೇ ಕಾಗದದಲ್ಲಿ, ನಿಜ ಅಳತೆಯಲ್ಲಿ ಪ್ರಿಂಟ್ ಹಾಕಿಸಿ. ಪುಸ್ತಕ ಹಿಡಿಯುವಷ್ಟು ದೂರದಲ್ಲಿ ಹಿಡಿದು ಓದಿ. ಓದಲಾಗದಿದ್ದರೆ ಇಡೀ ಪುಟವನ್ನು ತೋರಿಸುವ ಆಸೆ ಬಿಟ್ಟು, ಮುಖ್ಯವಾದ ತುಣುಕೊಂದನ್ನೇ ದೊಡ್ಡದಾಗಿ ತೆಗೆದು ಹಾಕಿ.